ಕೆಂಪು ಬೆಳಕಿನ ಮುಖವಾಡಕ್ಕೆ, ಒಂದು ಮೊಡವೆಯನ್ನಾದರೂ ಉಳಿಸಿಕೊಡಬೇಕೆಂದು ಕೋರಿ

ಮಾನ್ಯ ಮುಖವಾಡ ಮಹಾಶಯರೇ,

ತಾವು ತಮ್ಮ ಪೆಟ್ಟಿಗೆಯೊಳಗೆ, ಮೆತ್ತನೆಯ ಬಟ್ಟೆಯ ಚೀಲದಲ್ಲಿ, ಚಾರ್ಜಿಂಗ್ ವೈರನ್ನೇ ತಲೆದಿಂಬು ಮಾಡಿಕೊಂಡು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇತ್ತ ನಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮ. ನನ್ನ ಚರ್ಮವಂತೂ ಎಷ್ಟು ಕ್ಷೇಮವಾಗಿದೆಯೆಂದರೆ, ಆ ಕ್ಷೇಮದ ವಿರುದ್ಧವೇ ತಮಗೆ ಈ ದೂರನ್ನು ಸಲ್ಲಿಸಬೇಕಾಗಿ ಬಂದಿದೆ. ಇದನ್ನು ಗುಟ್ಟಾಗಿ ಬರೆದು ತಮ್ಮ ಪೆಟ್ಟಿಗೆಯಲ್ಲೇ ಮಡಚಿಡಬಹುದಿತ್ತು. ಆದರೆ ಕಣ್ಣಿರಬೇಕಾದ ಕಡೆ ತಮಗೆ ಎರಡು ತೂತುಗಳಷ್ಟೇ ಇರುವುದರಿಂದ, ಓದುವವರು ಬೇರೆ ಯಾರಾದರೂ ಸಿಗಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ನನ್ನ ಪರಿಚಯ. ತಾವು ನನ್ನ ಮುಖವನ್ನು ಬಲ್ಲಿರಿ, ಅದರ ಒಂದೊಂದು ರಂಧ್ರವನ್ನೂ ಬಲ್ಲಿರಿ, ಆದರೆ ಮುಖದ ಹಿಂದೆ ಇರುವವಳು ಯಾರೆಂದು ಒಂದು ದಿನವೂ ವಿಚಾರಿಸಿಕೊಂಡವರಲ್ಲ. ನಾನು ಒಂದು ಫೋಟೋ ಸ್ಟುಡಿಯೋ ನಡೆಸುತ್ತೇನೆ. ಮುಂದೆ ಸ್ಟುಡಿಯೋ, ಹಿಂದೆ ಮನೆ, ನಡುವೆ ಒಂದು ಪರದೆ. ಸ್ಟುಡಿಯೋವನ್ನು ಶುರುಮಾಡಿದವರು ನನ್ನ ಮಾವ. ಅವರಿಗೆ ವಯಸ್ಸಾದ ಮೇಲೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಗಿನ ಕೆಲಸಗಳಿಗೆ ಹೋಗುವವರು ನನ್ನ ಗಂಡ. ಒಳಗೆ ಕೂತು, ಅರ್ಜಿಗೆ ಅಂಟಿಸುವ ಫೋಟೋ ಬೇಕೆಂದು ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ ಬಿಡಿ, ಕಣ್ಣು ಮುಚ್ಚಬೇಡಿ ಎಂದು ಬೇಡಿಕೊಳ್ಳುವವಳು ನಾನು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಅವರ ಮೊಡವೆಗಳನ್ನು, ಕಲೆಗಳನ್ನು, ಹಿಂದಿನ ದಿನದ ನಿದ್ದೆಗೇಡಿನ ಗುರುತುಗಳನ್ನು ಒಂದೊಂದಾಗಿ ಒರೆಸುವವಳೂ ನಾನೇ. ಈ ಊರಿನ ಅರ್ಧಕ್ಕರ್ಧ ಜನರ ಮುಖವನ್ನು ತೊಳೆದುಕೊಟ್ಟ ನನಗೆ, ನಲವತ್ತರ ಹೊಸ್ತಿಲಲ್ಲಿ, ನನ್ನ ಮುಖದ ಮೇಲೆಯೇ ಮೊಡವೆಗಳೆದ್ದವು. ಹದಿಹರೆಯದಲ್ಲಿ ಬರಬೇಕಾಗಿದ್ದವು ಬಸ್ಸು ತಪ್ಪಿಸಿಕೊಂಡು, ಸಿಕ್ಕ ಸಿಕ್ಕ ಲಾರಿ ಹತ್ತಿ, ಕೊನೆಗೂ ನನ್ನ ವಿಳಾಸ ಹುಡುಕಿಕೊಂಡು ಬಂದಿಳಿದ ಹಾಗೆ.

ಗಿರಾಕಿಗಳು ಒಳ್ಳೆಯವರು, ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ. ಒಬ್ಬ ಟೈಲರಮ್ಮ ಮಾತ್ರ ತಮ್ಮದೇ ಫೋಟೋವನ್ನು ಕಂಪ್ಯೂಟರಿನ ಪರದೆಯ ಮೇಲೆ ನೋಡಿ, ಆಮೇಲೆ ನನ್ನನ್ನು ನೋಡಿ, "ಅಲ್ಲಾ ಮೇಡಂ, ನಮ್ಮನ್ನೆಲ್ಲಾ ಇಷ್ಟು ಚೆನ್ನಾಗಿ ಮಾಡ್ತೀರ, ನಿಮ್ದೂ ಸ್ವಲ್ಪ ಮಾಡ್ಕೋಬಾರ್ದಾ?" ಎಂದು ಕೇಳಿದರು. ಕೇಳಿದ್ದು ಮರುಕದಿಂದಲೇ. ಆ ಮರುಕವನ್ನು ನುಂಗಿಕೊಳ್ಳುವುದಕ್ಕೆ ನನಗೆ ಒಂದು ವಾರ ಹಿಡಿಯಿತು.

ಇಂಥ ಸಮಯದಲ್ಲಿ ನನ್ನ ನಾದಿನಿ, ಅಂದರೆ ತಮ್ಮನ್ನು ನಮ್ಮ ಮನೆಗೆ ಕಳಿಸಿಕೊಟ್ಟ ಮಹಾತಾಯಿ, ಪಾರ್ಸೆಲಿನ ಬೆನ್ನಿಗೇ ಫೋನು ಮಾಡಿ, "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ, ನಿಮ್ ಒಳ್ಳೇದಕ್ಕೇ ಹೇಳ್ತಿದೀನಿ, ಇದನ್ನ ದಿನಾ ಹಾಕ್ಕೊಂಡ್ರೆ ನಿಮ್ ಮುಖಾನೂ ನೋಡೋ ಹಾಗಾಗುತ್ತೆ" ಎಂದರು. ಹೀಗೆ ಆಶೀರ್ವಾದವನ್ನೂ ಕಪಾಳಮೋಕ್ಷವನ್ನೂ ಒಂದೇ ಕೈಯಲ್ಲಿ ಕೊಡುವ ಕಲೆ ಅವರಿಗೆ ಹುಟ್ಟಿನಿಂದಲೇ ಬಂದದ್ದು. ಮುಖದ ಮೇಲೆ ಕೆಂಪು ಬೆಳಕು ಚೆಲ್ಲಿ ಮೊಡವೆ ಇಳಿಸುವ ಯಂತ್ರವೆಂದು ತಮ್ಮನ್ನು ವರ್ಣಿಸಿದ್ದ, ಜೊತೆಯಲ್ಲಿ ಬಂದ ಪುಸ್ತಿಕೆಯಲ್ಲಿ ಒಬ್ಬ ಹೆಂಗಸು ತಮ್ಮನ್ನು ಧರಿಸಿ, ಬಿಳಿಯ ಸೋಫಾದ ಮೇಲೆ ಒರಗಿ, ನಗುತ್ತಿದ್ದಳು. ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡಿದೆ. ಅವಳ ಹಿಂದೆ ಯಾರೂ ನಿಂತಿರಲಿಲ್ಲ. ಸಾಕ್ಸ್ ಎಲ್ಲಿ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ.

ಪುಸ್ತಿಕೆಯ ಮಾತನ್ನೇ ನಂಬಿ ಕಣ್ಣುಮುಚ್ಚಿ ಮುಖವೊಡ್ಡುವವಳು ನಾನಲ್ಲವಾದ್ದರಿಂದ ಚರ್ಮದ ಡಾಕ್ಟರಮ್ಮನನ್ನು ಕಂಡೆ. ಅವರು ಬೇರೆ ಯಾವ ಮಾತ್ರೆ, ಮುಲಾಮು ತೆಗೆದುಕೊಳ್ಳುತ್ತಿದ್ದೇನೆಂದು ವಿಚಾರಿಸಿ, ತಮ್ಮನ್ನು ತಿರುವಿ ಮುರುವಿ ನೋಡಿ, "ನೋಡಿ, ಇದೇನು ಮಂತ್ರದಂಡ ಅಲ್ಲ. ಊತ, ಕೆಂಪು ಸ್ವಲ್ಪ ಇಳಿಸ್ಬಹುದು. ಕೆಲವರಿಗೆ ಆಗುತ್ತೆ, ಕೆಲವರಿಗೆ ಆಗಲ್ಲ. ಕಣ್ಣು ಜೋಪಾನ, ಬಿಡದೆ ಮಾಡ್ಬೇಕು, ಮತ್ತೆ ದಯವಿಟ್ಟು ಕೂತಲ್ಲಿ ನಿಂತಲ್ಲಿ ಮೊಡವೆ ಚಿವುಟ್ಬೇಡಿ" ಎಂದು ಹೇಳಿ ಹಚ್ಚಿಕೊಳ್ಳಲು ಒಂದು ಮುಲಾಮನ್ನೂ ಬರೆದುಕೊಟ್ಟರು. ತಮ್ಮ ಬಗ್ಗೆ ಅವರು ತಾಳಿದ ಈ ತಣ್ಣನೆಯ ಧೋರಣೆಯಿಂದ ತಮಗೆ ನೋವಾಗಿದ್ದರೆ ಕ್ಷಮೆಯಿರಲಿ. ನನಗೇನೋ ಅವರ ಮಾತು ಹಿಡಿಸಿತು, ಏಕೆಂದರೆ ಅವರ ಪ್ರಕಾರ ತಾವು ದಿನವೂ ಒಂದಷ್ಟು ಹೊತ್ತು ಬೇಕಾಗುತ್ತಿದ್ದಿರಿ, ಮತ್ತು ಅದು ವೈದ್ಯರ ಮಾತಾದ್ದರಿಂದ ಮನೆಯಲ್ಲಿ ಯಾರೂ ಎದುರಾಡುವಂತಿರಲಿಲ್ಲ.

ಇನ್ನು ತಮ್ಮನ್ನು ಎಲ್ಲಿ ಕೂತು ಧರಿಸುವುದೆಂಬ ಪ್ರಶ್ನೆ. ಹಾಲಿನಲ್ಲಿ ಕೂತರೆ ಮಗಳು, ಅಮ್ಮ ರೋಬೋಟ್ ಆದಳು ಎಂದು ಬೀದಿಯ ಮಕ್ಕಳನ್ನೆಲ್ಲ ಕರೆತರುತ್ತಾಳೆ. ಮಲಗುವ ಕೋಣೆಯ ಪ್ಲಗ್ಗು ಫೋನುಗಳ ಪಾಲು. ಉಳಿದದ್ದು ಸ್ಟುಡಿಯೋಗೂ ಮನೆಗೂ ನಡುವೆ ಇರುವ ಒಂದು ಚಿಕ್ಕ ಕೋಣೆ. ಹಿಂದೆ ಅದು ಮಾವನವರ ಡಾರ್ಕ್ ರೂಮು, ಈಗ ಮಡಚಿಟ್ಟ ಹಿನ್ನೆಲೆ ಪರದೆಗಳು, ಮುರಿದ ಟ್ರೈಪಾಡು ಮತ್ತು ಒಂದು ಕುರ್ಚಿ ಇರುವ ಜಾಗ. ಕಿಟಕಿಯಿಲ್ಲ. ಒಂದು ಸಂಜೆ, ಮಗಳು ಶಾಲೆಯಿಂದ ಬಂದು, ಗಂಡ ಕೆಲಸದಿಂದ ಬಂದು, ಇಬ್ಬರೂ ಒಟ್ಟಿಗೆ ನನ್ನನ್ನು ಕರೆಯಲು ಶುರುಮಾಡುವ ಹೊತ್ತಿಗೆ ಸರಿಯಾಗಿ, ನಾನು ಆ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ತಮ್ಮನ್ನು ಮುಖಕ್ಕೆ ಕಟ್ಟಿಕೊಂಡು, ಗುಂಡಿ ಒತ್ತಿದೆ.

ಹೊರಗೆ ಮಾವನವರು ಕೂಗಿದ ಕೂಗು ತಮಗೂ ಕೇಳಿಸಿರಬೇಕು. "ಬಾಗಿಲು ತೆಗೀಬೇಡಿ! ಯಾರೂ ಬಾಗಿಲು ತೆಗೀಬೇಡಿ! ಪೇಪರ್ ಹಾಳಾಗುತ್ತೆ!"

ತಮ್ಮಂಥ ಹೊಸ ಕಾಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಕಪ್ಪು ಬಿಳುಪಿನ ಕಾಲದಲ್ಲಿ ಫೋಟೋಗಳನ್ನು ಆ ಕೋಣೆಯಲ್ಲೇ ತೊಳೆಯುತ್ತಿದ್ದರು. ಫೋಟೋ ಮೂಡುವ ಕಾಗದಕ್ಕೆ ಬೇರಾವ ಬೆಳಕೂ ಆಗದು, ಕೆಂಪು ಬೆಳಕು ಮಾತ್ರ ಆದೀತು. ಹಾಗಾಗಿ ಒಳಗೆ ಕೆಂಪು ದೀಪ ಹಾಕಿಕೊಂಡು ಕೆಲಸ ನಡೆಯುವಾಗ ಯಾರಾದರೂ ಬಾಗಿಲು ತೆಗೆದರೆ ಮುಗಿಯಿತು, ವಧುವೂ ವರನೂ ಬೀಗರೂ ಒಟ್ಟಿಗೆ ಕಪ್ಪಾಗಿ ಹೋಗುತ್ತಿದ್ದರು. ಆದ್ದರಿಂದ ಈ ಮನೆಯಲ್ಲಿ ಒಂದೇ ಒಂದು ಕಾನೂನು ಇತ್ತು: ಬಾಗಿಲ ಕೆಳಗಿನ ಸಂದಿಯಲ್ಲಿ ಕೆಂಪು ಗೆರೆ ಕಂಡರೆ ಕೈ ಹಿಂದಕ್ಕೆ. ನನ್ನ ಅತ್ತೆ ಊಟದ ತಟ್ಟೆ ಹಿಡಿದುಕೊಂಡು ಆ ಗೆರೆಯ ಮುಂದೆ ಅದೆಷ್ಟು ಸಲ ನಿಂತಿದ್ದರೋ. ನನ್ನ ಗಂಡ ಅಂಬೆಗಾಲಿಡುವಾಗಲೇ ಆ ಗೆರೆಯನ್ನು ಕಂಡರೆ ತಿರುಗಿಬಿಡುತ್ತಿದ್ದರಂತೆ. ಫೋಟೋ ತೊಳೆಯುವ ಕೆಲಸ ನಿಂತು ಯಾವ ಕಾಲವಾಯಿತೋ, ಟ್ರೇಗಳೆಲ್ಲ ಹರಿದುಹಂಚಿಹೋದವು, ಕಾನೂನು ಮಾತ್ರ ಇವರ ಕೈಕಾಲುಗಳಲ್ಲಿ ಉಳಿದುಬಿಟ್ಟಿತ್ತು.

ನನ್ನನ್ನು ಕರೆಯಲೆಂದು ಬಂದು ಚಿಲಕಕ್ಕೆ ಕೈ ಹಾಕಿದ್ದ ಗಂಡ ಹಾಗೆಯೇ ನಿಂತರಂತೆ. ತಾತ ಗದರಿದ್ದನ್ನು ಹುಟ್ಟಿದಾಗಿನಿಂದ ಕೇಳದ ಮಗಳು ಬೆಪ್ಪಾಗಿ ಗೋಡೆಗೆ ಒರಗಿದಳಂತೆ. ಆಮೇಲೆ ಮಾವನವರೇ ನಾಚಿಕೊಂಡು ನಕ್ಕು, ಒಳಗೆ ಪೇಪರೂ ಇಲ್ಲ ಗೀಪರೂ ಇಲ್ಲ, ಗೊತ್ತು ಎಂದು ಒಪ್ಪಿಕೊಂಡರಂತೆ. ಆದರೂ, "ಕೆಂಪು ಇದೆ ಅಂದ್ರೆ ಇದೆ ಕಣೋ. ತೆಗೀಬಾರ್ದು ಅಷ್ಟೇ" ಎಂದರಂತೆ. ಯಾರೂ ತೆಗೆಯಲಿಲ್ಲ. ಮರುದಿನವೂ ತೆಗೆಯಲಿಲ್ಲ. ಅದರ ಮರುದಿನವೂ ತೆಗೆಯಲಿಲ್ಲ.

ಮಾನ್ಯರೇ, ಇದರ ಬೆಲೆ ತಮಗೆ ತಿಳಿಯಬೇಕಾದರೆ ನಮ್ಮ ಮನೆಯ ಬಾಗಿಲುಗಳ ಸ್ಥಿತಿ ಗೊತ್ತಿರಬೇಕು. ಮನೆಯಲ್ಲಿ ಬಾಗಿಲುಗಳಿಗೆ ಬರವಿಲ್ಲ, ನಾನು ಹಾಕಿಕೊಂಡ ಬಾಗಿಲಿಗೆ ಮಾತ್ರ ಎಳ್ಳಷ್ಟೂ ಬೆಲೆಯಿಲ್ಲ. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರೆ ನನಗೆ ಜ್ವರ ಬಂದಿದೆಯೆಂದು ಲೆಕ್ಕ. ಜ್ವರವಿಲ್ಲವೆಂದು ಗೊತ್ತಾದರೆ ಸಿಟ್ಟು ಬಂದಿದೆಯೆಂದು ಲೆಕ್ಕ. ಸಿಟ್ಟೂ ಇಲ್ಲವೆಂದರೆ, ಹಾಗಾದರೆ ಬಾ, ಸುಮ್ಮನೆ ಯಾಕೆ ಕೂತಿದ್ದೀಯ ಎಂದು ಲೆಕ್ಕ. ಬಚ್ಚಲಮನೆಯ ಬಾಗಿಲ ಹೊರಗಿನಿಂದ ನನಗೆ ಬಂದ ಪ್ರಶ್ನೆಗಳನ್ನೆಲ್ಲ ಕೂಡಿಟ್ಟಿದ್ದರೆ ಒಂದು ವಿಶ್ವಕೋಶವಾಗುತ್ತಿತ್ತು. ಕತ್ತರಿ ಎಲ್ಲಿ, ಅಜ್ಜಿಯ ಕನ್ನಡಕ ಎಲ್ಲಿ, ನಾಳೆ ಶಾಲೆಗೆ ರಜವಾ, ಗಿರಾಕಿ ಬಂದಿದ್ದಾರೆ ಕೂರಿಸಲಾ ನಿಲ್ಲಿಸಲಾ. ನನ್ನ ಗಂಡ ಕೆಟ್ಟವರಲ್ಲ, "ಒಂದೇ ನಿಮಿಷ ಕಣೇ" ಎಂದು ಕೇಳಿಕೊಂಡೇ ಬರುತ್ತಾರೆ. ಆದರೆ ಅವರ ಆ ಒಂದೊಂದು ನಿಮಿಷಗಳನ್ನು ಹೆಕ್ಕಿಕೊಂಡು ಹೋದರೆ ನನ್ನ ದಿನದಲ್ಲಿ ಮತ್ತೇನೂ ಉಳಿಯುತ್ತಿರಲಿಲ್ಲ.

ಅಂಥವಳು ತಮ್ಮ ಕೃಪೆಯಿಂದ ದಿನಕ್ಕೆ ಸುಮಾರು ಕಾಲು ಗಂಟೆ, ಕಣ್ಣು ಮುಚ್ಚಿಕೊಂಡು, ಯಾರಿಗೂ ಏನೂ ಆಗದೆ ಕುರ್ಚಿಯಲ್ಲಿ ಕೂತೆ. ಒಳಗೆ ನಾನು ಏನು ಮಾಡುತ್ತಿದ್ದೆನೆಂದು ತಮಗೆ ಮಾತ್ರ ಗೊತ್ತು, ಏನೂ ಮಾಡುತ್ತಿರಲಿಲ್ಲ. ಒಂದು ಯೋಚನೆಯನ್ನು ಹಿಡಿದು ಅದರ ತಲೆಯಿಂದ ಬಾಲದವರೆಗೂ ಪೂರ್ತಿ ಯೋಚಿಸಿದೆ. ಮದುವೆಯಾದ ಮೇಲೆ ಅದೇ ಮೊದಲು. ಒಂದು ದಿನ ಒಂದು ಹಾಡನ್ನು ಗುನುಗಿದೆ, ತಮ್ಮ ಒಳಗೇ ಅದು ಗುಂಯ್ಗುಟ್ಟಿ ನನ್ನ ದನಿ ಇಷ್ಟು ಚೆನ್ನಾಗಿತ್ತೇ ಎಂದು ಬೆರಗಾದೆ. ಇನ್ನೊಂದು ದಿನ ಯಾರಿಗೂ ಪಾಲು ಕೊಡದೆ ಬಿಸ್ಕತ್ತು ತಿಂದೆ. ತಮ್ಮ ಗದ್ದದ ಒಳಭಾಗದಲ್ಲಿ ತಾವು ಕಂಡ ಪುಡಿ ಅದರದೇ. ಚರ್ಮದಿಂದ ಉದುರಿದ್ದೆಂದು ತಾವು ಹೆಮ್ಮೆಪಟ್ಟುಕೊಂಡಿದ್ದರೆ ಆ ಹೆಮ್ಮೆಯನ್ನು ಹಿಂಪಡೆಯಬೇಕಾಗಿ ವಿನಂತಿ. ಹೊರಗೆ ಬಂದಾಗ ನನಗೆ ಎಲ್ಲರ ಮೇಲೂ ಪ್ರೀತಿ ಉಕ್ಕುತ್ತಿತ್ತು. ಕತ್ತರಿ ಎಲ್ಲಿದೆಯೆಂದು ಕೇಳುವ ಮೊದಲೇ ಹೇಳುತ್ತಿದ್ದೆ.

ದೂರಿನ ಮೊದಲ ಅಂಶ ತಮ್ಮ ಸದ್ದಿನ ಬಗ್ಗೆ. ಹೊತ್ತು ಮುಗಿದ ಕೂಡಲೇ ತಾವು ಟುಂಯ್ ಟುಂಯ್ ಎಂದು ಕೂಗಿ, ತಾವಾಗಿಯೇ ಆರಿಹೋಗಿ, ಇಡೀ ಮನೆಗೆ ಸುದ್ದಿ ಮುಟ್ಟಿಸುತ್ತೀರಿ. ಆ ಸದ್ದು ಕೇಳಿದ್ದೇ ತಡ, ಹೊರಗೆ ಕಾದು ನಿಂತ ಅಷ್ಟೂ ಪ್ರಶ್ನೆಗಳು ಒಟ್ಟಿಗೆ ನುಗ್ಗುತ್ತವೆ. ಕೆಲಸ ಮುಗಿಸಿದ್ದನ್ನು ಕೂಗಿ ಹೇಳಿಕೊಳ್ಳುವ ಚಟ ಮನುಷ್ಯರಿಗೆ ಸಾಕು. ತಾವಾದರೂ ಅದರಿಂದ ದೂರವಿರಬಾರದೇ? ಆರುವುದಾದರೆ ಸದ್ದಿಲ್ಲದೆ ಆರಿ, ಮತ್ತು ಆರಿದ ಮೇಲೂ ಬಾಗಿಲ ಸಂದಿಯಲ್ಲಿ ಒಂದು ಕೆಂಪು ಗೆರೆಯನ್ನು ಬಿಟ್ಟು ಆರುವ ವಿಧಾನವೇನಾದರೂ ಇದ್ದರೆ ಅದನ್ನು ಕಲಿಯಿರಿ.

ಎರಡನೆಯದು ಗಂಭೀರವಾದದ್ದು. ತಾವು ಗುಣಪಡಿಸತೊಡಗಿದಿರಿ.

ಮೊದಲು ಹಣೆಯ ಮೇಲಿನವು ಬಾಡಿದವು. ಆಮೇಲೆ ಎಡಗೆನ್ನೆಯದು. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತವಳು, ಮೂಗಿನ ಪಕ್ಕದಲ್ಲಿ ಬಹಳ ದಿನದಿಂದ ಠಿಕಾಣಿ ಹೂಡಿದ್ದ ದೊಡ್ಡದೊಂದು ಮಾಯವಾಗಿರುವುದನ್ನು ನೋಡಿ, ಖುಷಿಪಡಬೇಕಾದವಳು ಬೆವತುಹೋದೆ. ಡಾಕ್ಟರಮ್ಮನ ಬಳಿಗೆ ಓಡಿದೆ. ಅವರು ನೋಡಿ, "ಪರವಾಗಿಲ್ವೇ! ಮುಲಾಮಿಂದಾನೋ, ಬೆಳಕಿಂದಾನೋ, ಇಲ್ಲಾ ಸ್ವಲ್ಪ ಹೊತ್ತು ಮುಖದ ತಂಟೆಗೆ ಹೋಗದೆ ಸುಮ್ನೆ ಕೂತಿದ್ದಕ್ಕೋ, ಯಾವುದಕ್ಕೆ ಅಂತ ಹೇಳ್ಲಿ?" ಎಂದು ನಕ್ಕರು. ತಾವು ಆ ಮೂರನೆಯ ಕಾರಣವನ್ನು ಗಮನಿಸಬೇಕು. ನಾನು ಗಮನಿಸಿದೆ, ಆದರೆ ಮನೆಯಲ್ಲಿ ಹೇಳಲಿಲ್ಲ.

ಆಗ ನಾನು ತಮ್ಮಲ್ಲಿ ಮನಸ್ಸಿನಲ್ಲೇ ಮಾಡಿಕೊಂಡ ಕೋರಿಕೆಗಳನ್ನು ಈಗ ಬರಹದಲ್ಲಿ ದಾಖಲಿಸುತ್ತೇನೆ. ಇಡೀ ಮುಖವನ್ನು ಗುಣಪಡಿಸುವ ಆತುರ ತಮಗೇಕೆ? ಬಲಗೆನ್ನೆಯನ್ನು ಈ ವರ್ಷ, ಎಡಗೆನ್ನೆಯನ್ನು ಮುಂದಿನ ವರ್ಷ ಎಂದು ಸರ್ಕಾರಿ ರಸ್ತೆಯ ಹಾಗೆ ಕಂತಿನಲ್ಲಿ ಮಾಡಬಹುದಿತ್ತು. ಎಲ್ಲವನ್ನೂ ತೆಗೆಯಲೇಬೇಕೆಂದಿದ್ದರೆ ಒಂದನ್ನಾದರೂ ನನ್ನ ಹೆಸರಿಗೆ ಬಿಟ್ಟುಕೊಡಬಹುದಿತ್ತು. ಅದೂ ಗದ್ದದ ಎಡಭಾಗದಲ್ಲಿ, ಊಟದ ಮೇಜಿನಲ್ಲಿ ಕೂತವರಿಗೆ ಚೆನ್ನಾಗಿ ಕಾಣುವಂತೆ, ಸ್ಟುಡಿಯೋದ ಗಿರಾಕಿಗಳಿಗೆ ಕಾಣದಂತೆ. ನೋವು ಬೇಡ, ಗಾತ್ರ ಸಾಧಾರಣ, ಬಣ್ಣ ಮಾತ್ರ ಕಳವಳ ಹುಟ್ಟಿಸುವಷ್ಟು ಕೆಂಪಿರಲಿ. ನನ್ನ ಗಂಡ ಅದನ್ನು ನೋಡಿ, ಇನ್ನೂ ಪೂರ್ತಿ ಹೋಗಿಲ್ಲ, ಬಿಡದೆ ಮಾಡು ಎಂದು ಅವರಾಗಿಯೇ ಹೇಳುವಂತಿದ್ದರೆ ತಮಗೆ ನಾನು ಆಜೀವ ಋಣಿಯಾಗಿರುತ್ತಿದ್ದೆ.

ತಾವು ಕೈಕೊಟ್ಟಿರಿ. ಕೊನೆಯದೂ ಹೋಯಿತು. ಆಗ ನಾನು ನನ್ನ ಕಸುಬಿನ ಮೊರೆಹೋದೆ. ದಿನವೂ ಊರವರ ಮೊಡವೆ ಅಳಿಸುವವಳಿಗೆ ಒಂದನ್ನು ಬರೆಯುವುದು ಯಾವ ಮಹಾ ಕೆಲಸ? ಮಗಳ ನಾಟಕದ ಬಣ್ಣದ ಡಬ್ಬಿಯಿಂದ ಕೆಂಪು, ನನ್ನ ಹುಬ್ಬಿನ ಪೆನ್ಸಿಲ್ಲಿನಿಂದ ಅಂಚಿಗೆ ಒಂದು ಚೂರು ಕಂದು, ನಡುವೆ ಹೊಳಪಿಗೆ ಒಂದು ತೊಟ್ಟು ವ್ಯಾಸಲೀನ್. ಗದ್ದದ ಮೇಲೆ ಅಂಥದೊಂದು ಮೊಡವೆಯನ್ನು ಎಬ್ಬಿಸಿದೆನೆಂದರೆ, ನೋಡಿದವರು ಅಯ್ಯೋ ಪಾಪ ಎನ್ನಬೇಕು. ಗಂಡ ಅಯ್ಯೋ ಪಾಪ ಎಂದರು. ಮಗಳು ಮುಖ ಕಿವುಚಿದಳು. ಅತ್ತೆ ಒಂದು ಕ್ಷಣ ನನ್ನನ್ನೇ ನೋಡಿ ಒಳಗೆ ಹೋದರು. ನಾನು ಎಂದಿನಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೀಗೆ ಒಂದಷ್ಟು ದಿನ ತಾವು ಒಂದು ಚಿತ್ರಕ್ಕೆ ಚಿಕಿತ್ಸೆ ಕೊಟ್ಟಿರಿ, ತಮಗೆ ಅದು ತಿಳಿಯಲೇ ಇಲ್ಲ. ಇದನ್ನು ಅಣಕಿಸಲು ಹೇಳುತ್ತಿಲ್ಲ. ಗುಣವಾದ ಮುಖಕ್ಕೂ ಬಣ್ಣ ಬಳಿದ ಮುಖಕ್ಕೂ ವ್ಯತ್ಯಾಸ ಮಾಡದ ತಮ್ಮ ಸಮಭಾವವನ್ನು ಕೊಂಡಾಡುತ್ತಿದ್ದೇನೆ.

ಆದರೆ ನಮ್ಮ ಮನೆಯಲ್ಲಿ ನನಗಿಂತ ಹಳೆಯ ಕೈ ಒಂದಿತ್ತು. ಕಂಪ್ಯೂಟರಿಲ್ಲದ ಕಾಲದಲ್ಲಿ, ಕೂದಲೆಳೆಯಂಥ ಕುಂಚ ಹಿಡಿದು ನೆಗೆಟಿವಿನ ಮೇಲೆಯೇ ಮುಖಗಳನ್ನು ತಿದ್ದುತ್ತಿದ್ದ ಕೈ ಅದು. ಒಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಮಾವನವರು ತುತ್ತನ್ನು ಅರ್ಧಕ್ಕೇ ನಿಲ್ಲಿಸಿ, ಕನ್ನಡಕ ಮೇಲೇರಿಸಿ, ನನ್ನ ಗದ್ದವನ್ನೇ ದಿಟ್ಟಿಸಿದರು. ನನ್ನನ್ನು ಸಿಕ್ಕಿಹಾಕಿಸಬೇಕೆಂಬ ಉದ್ದೇಶ ಅವರಿಗೆ ಖಂಡಿತ ಇರಲಿಲ್ಲ. ತಪ್ಪಾದ ಟಚಪ್ ಕಣ್ಣಿಗೆ ಬಿದ್ದರೆ ಸುಮ್ಮನಿರಲು ಅವರಿಂದಾಗದು, ಅಷ್ಟೇ. "ಅಲ್ಲಮ್ಮಾ," ಎಂದರು, "ಲೈಟು ನಿನ್ನ ಎಡಗಡೆಯಿಂದ ಬರ್ತಿದೆ. ನೆರಳನ್ನೂ ಎಡಗಡೆಗೇ ಹಾಕಿದೀಯಲ್ಲ?"

ಎಲ್ಲರ ಕೈಗಳೂ ತಟ್ಟೆಯಲ್ಲೇ ನಿಂತವು. ಗಂಡ ಎದ್ದು ಬಂದು, ಹೆಬ್ಬೆರಳಿನಿಂದ ನನ್ನ ಗದ್ದವನ್ನು ಮೆಲ್ಲಗೆ ಉಜ್ಜಿ, ಹೆಬ್ಬೆರಳನ್ನು ನೋಡಿಕೊಂಡರು. ನನ್ನ ಬಣ್ಣ ಬಯಲಾಯಿತು. ಮಗಳು ಬಿದ್ದು ಬಿದ್ದು ನಕ್ಕಳು. ಏನು ಪ್ರಮಾದವಾಯಿತೆಂದು ತಿಳಿದ ಮಾವನವರು, "ನಾನು ಕೆಲಸದ ಬಗ್ಗೆ ಹೇಳ್ದೆ ಅಷ್ಟೇ, ಕೆಂಪು ಬಹಳ ಚೆನ್ನಾಗಿ ಬಂದಿದೆ" ಎಂದು ಸಮಾಧಾನ ಹೇಳಲು ಹೋಗಿ ಇನ್ನಷ್ಟು ಕೆಡಿಸಿದರು. ಗಂಡನಿಗೆ ಮಾತ್ರ ನಗು ಬರಲಿಲ್ಲ. ಅವರು ನಿಜವಾಗಿಯೂ ಅರ್ಥವಾಗದೆ, "ಗುಣ ಆಗಿದೆಯಲ್ಲ, ಮತ್ತೆ ಯಾಕೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿತ್ತು. ಆದರೆ ಅದನ್ನು ಹೇಳಿದರೆ ಅವರ ಜೊತೆ ಇರುವುದೇ ನನಗೆ ಬೇಡವಾಗಿದೆ ಎಂದು ಕೇಳಿಸೀತೆಂಬ ಭಯಕ್ಕೆ ಬಾಯಿ ಬಿಡಲಿಲ್ಲ. ಹಾಗಾದರೆ ಇನ್ನು ಇದು ಬೇಕಾಗಿಲ್ಲವಲ್ಲ ಎಂದು ಅವರು ತಂಗಿಗೆ ಫೋನು ಮಾಡಿದರು. ನಾದಿನಿಯ ಮಗಳಿಗೆ ಈಗತಾನೆ ಮೊಡವೆ ಏಳುತ್ತಿವೆಯಂತೆ. ತಮ್ಮ ವರ್ಗಾವಣೆಯ ಆದೇಶ ಹೀಗೆ ಊಟದ ಮೇಜಿನ ಮೇಲೆಯೇ ಹೊರಬಿತ್ತು.

ಮರುದಿನ ಸಂಜೆ ನನಗೆ ನಿಜವಾದ ದುಃಖವಾಯಿತು. ತಮ್ಮನ್ನು ಕಳೆದುಕೊಂಡದ್ದಕ್ಕಲ್ಲ, ಅದರ ಬಗ್ಗೆ ತಾವು ತಪ್ಪು ತಿಳಿಯಬಾರದು. ಆ ಹೊತ್ತಾಗುತ್ತಲೇ ಕಾಲು ತಾನಾಗಿಯೇ ಆ ಕೋಣೆಯ ಕಡೆಗೆ ನಡೆಯಿತು. ಮುಖವಾಡವಿಲ್ಲದೆ, ಮೊಡವೆಯಿಲ್ಲದೆ, ಹೇಳಿಕೊಳ್ಳಲು ಒಂದು ನೆಪವೂ ಇಲ್ಲದೆ ಒಳಗೆ ಹೋಗಿ, ಬಾಗಿಲು ಹಾಕಿ, ಕತ್ತಲಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ತಕ್ಷಣವೇ ಮಗಳು ಬಾಗಿಲು ತೆಗೆದು ರಬ್ಬರ್ ಕೇಳಿದಳು. ಕೊಟ್ಟೆ. ಆಮೇಲೆ ಗಂಡ ಬಾಗಿಲು ತೆಗೆದು, ಓ ಇಲ್ಲಿದ್ದೀಯಾ ಎಂದು, ಯಾರದೋ ಫೋಟೋಗಳ ಕವರು ಎಲ್ಲಿದೆಯೆಂದು ಕೇಳಿದರು. ಹೇಳಿದೆ. ಮತ್ತೆ ಬಾಗಿಲು ತೆರೆಯಿತು. ಈ ಸಲವೂ ಗಂಡನೇ. ನನ್ನ ಮುಖದಲ್ಲೇನೋ ಕಂಡಿರಬೇಕು, ಕೇಳುವ ಮೊದಲೇ, "ಲೈಟ್ ಇರ್ಲಿಲ್ವಲ್ಲ, ಅದಕ್ಕೇ..." ಎಂದರು.

ನಾನು ಕೂಗಾಡಲಿಲ್ಲ. ಕುರ್ಚಿಯಿಂದ ಏಳದೆಯೇ ಹೇಳಿದೆ: "ರೀ, ಇಲ್ಲಿ ಯಾವ ಫೋಟೋನೂ ತೊಳೀತಿಲ್ಲ. ನನಗೆ ಮೊಡವೆನೂ ಇಲ್ಲ, ಜ್ವರಾನೂ ಇಲ್ಲ, ನಿಮ್ಮ ಮೇಲೆ ಸಿಟ್ಟೂ ಇಲ್ಲ. ಸುಮ್ನೆ ಕೂತಿದೀನಿ. ಬಾಗಿಲು ಹಾಕ್ಕೊಂಡು ಹೋಗಿ."

ಅವರು ಬಾಗಿಲ ಹಿಡಿ ಹಿಡಿದುಕೊಂಡೇ ನಿಂತರು. ಆ ಹೊತ್ತಿನಲ್ಲಿ ನನಗೆ ಎಷ್ಟು ಭಯವಾಗಿತ್ತೆಂದು ತಮಗೆ ಹೇಗೆ ತಿಳಿಯಬೇಕು. ತಮ್ಮನ್ನು ಕಟ್ಟಿಕೊಂಡು ಕೂತಿದ್ದ ಅಷ್ಟೂ ದಿನ ಈ ಭಯವನ್ನೇ ತಮ್ಮ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಅವರು ಬಾಗಿಲು ಮುಂದೆ ಮಾಡಿದರು. ಚಿಲಕದ ಸದ್ದಾಗದಂತೆ ಮಾಡಿದರು. ಹೊರಗೆ ಮಗಳು, "ಅಮ್ಮ ಒಳಗೆ ಏನ್ ಮಾಡ್ತಿದಾಳೆ?" ಎಂದು ಕೇಳುವುದು ಕೇಳಿಸಿತು.

"ಏನೂ ಮಾಡ್ತಿಲ್ಲ" ಎಂದರು ಅವರು. "ಬಾ ಈ ಕಡೆ."

ಮಾನ್ಯರೇ, ನನ್ನ ಬಗ್ಗೆ ಈ ಮನೆಯಲ್ಲಿ ಎಷ್ಟೋ ಒಳ್ಳೆಯ ಮಾತುಗಳನ್ನು ಕೇಳಿದ್ದೇನೆ. ಅಷ್ಟೊಂದು ಗೌರವದ ಮಾತನ್ನು ಕೇಳಿರಲಿಲ್ಲ. ಆಗ ಅತ್ತುಬಿಟ್ಟೆ. ಹಾಯಾಗಿ ಅತ್ತೆ. ಯಾರೂ ಬರಲಿಲ್ಲ.

ಈಗ ತಮ್ಮ ಮೇಲಿನ ಅಂತಿಮ ಆರೋಪ. ಒಂದು ಮಾತಿನಲ್ಲಿ ಮುಗಿಯಬಹುದಾಗಿದ್ದ ಸಂಗತಿಗೆ ಇಷ್ಟು ದಿನ ನನ್ನನ್ನು ಬೆಳಗಿಸಿದಿರಿ. ಅದನ್ನು ಹೇಳಲು ನಾನು ಹೆದರುತ್ತಿದ್ದುದು ತಮಗೆ ಗೊತ್ತಿತ್ತು, ಅಷ್ಟು ಹತ್ತಿರ ಇದ್ದವರಿಗೆ ಗೊತ್ತಿರಲೇಬೇಕು. ಕೆನ್ನೆಗೆ ಕೆನ್ನೆ ಹಚ್ಚಿ ಕೂತಿದ್ದೂ ಒಂದು ಬುದ್ಧಿಮಾತು ಹೇಳದೆ ಚರ್ಮದ ಯೋಗಕ್ಷೇಮವನ್ನೇ ನೋಡಿಕೊಂಡಿದ್ದ ತಮ್ಮ ಕರ್ತವ್ಯನಿಷ್ಠೆಯನ್ನು ನಾನು ಎಷ್ಟು ಹೊಗಳಿದರೂ ಸಾಲದು. ಮುಂದಿನ ಮನೆಯಲ್ಲಿ ಆ ಹುಡುಗಿಯ ಮೊಡವೆಗಳನ್ನು ತಾವು ಧಾರಾಳವಾಗಿ ಗುಣಪಡಿಸಿ, ನನ್ನ ಅಭ್ಯಂತರವಿಲ್ಲ. ಆದರೆ ಬಾಗಿಲು ಹಾಕಿಕೊಳ್ಳುವುದಕ್ಕೆ ಮೊಡವೆ ಬೇಕಾಗಿಲ್ಲವೆಂದು ಅವಳ ಕಿವಿಯಲ್ಲಿ ಈಗಲೇ ಹೇಳಿಬಿಡಿ. ತಮಗೆ ಬಾಯಿಯ ಜಾಗದಲ್ಲಿಯೂ ತೂತೇ ಇರುವುದರಿಂದ ಅದು ತಮ್ಮಿಂದ ಆಗದಿದ್ದರೆ, ಈ ಪತ್ರದ ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲೂ ಇಟ್ಟು ಕಳಿಸುತ್ತಿದ್ದೇನೆ, ಅವಳೇ ಓದಿಕೊಳ್ಳಲಿ. ಅವಳ ತಾಯಿಯೂ ಓದಿದರೆ ನಷ್ಟವೇನಿಲ್ಲ.

ಸದ್ಯಕ್ಕೆ ಏನೂ ಮಾಡದೆ ಕೂತಿರುವ,
ತಮ್ಮ ವಿಶ್ವಾಸಿ,
ಪರದೆಯ ಹಿಂದಿನ ಸ್ಟುಡಿಯೋದವಳು

ತಾ. ಕ.: ತಮ್ಮನ್ನು ಪಾರ್ಸೆಲ್ ಮಾಡಲು ಕೂತಿದ್ದಾಗ ಅತ್ತೆ ಬಂದು, "ಕಳ್ಸೋಕ್ ಮುಂಚೆ ನಂಗೂ ಒಂದ್ಸಲ ಕೊಡೇ" ಎಂದು ಮೆಲ್ಲಗೆ ಕೇಳಿದರು. ಅವರ ಮುಖದಲ್ಲಿ ಮೊಡವೆಯಿಲ್ಲ, ಯಾವ ಕಾಲಕ್ಕೂ ಇರಲಿಲ್ಲ. ತಮ್ಮನ್ನು ಎದೆಗವುಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾವನವರು ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಬಂದವರನ್ನೆಲ್ಲ ಆಮೇಲೆ ಬನ್ನಿ ಎಂದು ಕಳಿಸಿದರು. ಊಟದ ಹೊತ್ತು ಮೀರಿದರೂ ಕರೆಯಲಿಲ್ಲ. ಅತ್ತೆ ಹೊರಗೆ ಬಂದಾಗ ಅವರ ಮುಖದ ಮೇಲಿದ್ದ ಕಳೆಯನ್ನು ನಾನು ಇದುವರೆಗೆ ಯಾವ ಕ್ಯಾಮೆರಾದಲ್ಲೂ ಕಂಡಿರಲಿಲ್ಲ. ದಯವಿಟ್ಟು ಅದನ್ನು ತಮ್ಮ ಸಾಧನೆಗಳ ಸಾಲಿಗೆ ಸೇರಿಸಿಕೊಳ್ಳಬೇಡಿ. ಬಾಗಿಲ ಸಂದಿಯಲ್ಲಿ ಕೆಂಪು ಗೆರೆ ಮೂಡಿರಲಿಲ್ಲ, ತಮ್ಮ ಗುಂಡಿಯನ್ನು ಅವರು ಒತ್ತಿರಲೇ ಇಲ್ಲ.